ಐವತ್ತರ ಗೆರೆ

"ಈಗ ನಾಲ್ಕೂ ಹತ್ತು, ಅನಸೂಯಮ್ಮ. ಐದಕ್ಕೆ ಪೊಲೀಸ್ ಜೀಪು ಬರುತ್ತೆ. ಆಮೇಲೆ ನೀವು ವಾದ ಮಾಡೋಕೆ ಪಾಪಯ್ಯನೇ ಇಲ್ಲಿರಲ್ಲ."

ಉಗ್ರಾಣದ ಅಧಿಕಾರಿ ಗೋಪಾಲಪ್ಪ ಹೀಗೆಂದು, ತನ್ನ ದುಂಡು ಅಕ್ಷರದಲ್ಲಿ ಬರೆದ ಹಾಳೆಯೊಂದನ್ನು ಮ್ಯಾನೇಜರರ ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. ‘ಶ್ರೀಮತಿ ಅನಸೂಯಮ್ಮ, ಮಾಪನ ವಿಭಾಗ. ನಿಮ್ಮ ಉಪಕರಣದ ದಾಖಲೆ ಸತ್ಯವೆಂದು ದೃಢೀಕರಿಸಿ ಸಹಿ ಮಾಡತಕ್ಕದ್ದು.’

ಅನುಸೂಯಮ್ಮ ಪೆನ್ನು ತೆಗೆದಳು. ಸಹಿ ಮಾಡಲಿಲ್ಲ. ತನ್ನ ಹೆಸರಿನ ‘ನ’ಕ್ಕೆ ಒಂದು ಕೊಂಬು ಎಳೆದು ‘ನು’ ಮಾಡಿ, ಪೆನ್ನಿನ ಮುಚ್ಚಳ ಹಾಕಿದಳು.

"ಶುರುವಾಯ್ತು," ಅಂದ ಗೋಪಾಲಪ್ಪ. "ಪುರಾಣದಲ್ಲಿರೋದು ಅನಸೂಯೆ ಕಣ್ರೀ. ಅಸೂಯೆ ಇಲ್ಲದವಳು ಅಂತ ಅರ್ಥ. ಒಂಬತ್ತು ವರ್ಷದಿಂದ ಬಡ್ಕೋತಾ ಇದೀನಿ."

"ಒಂಬತ್ತು ವರ್ಷದಿಂದ ನಾನೂ ತಿದ್ದುತಾ ಇದೀನಿ ಸಾರ್. ನಮ್ಮಪ್ಪ ಸ್ಕೂಲಲ್ಲಿ ಬರೆಸಿದ್ದು ಕೊಂಬಿನ ಸಮೇತ."

ಗೋಪಾಲಪ್ಪ ಮುನೇಶ್ವರ ಪೇಂಟ್ಸ್ ಕಾರ್ಖಾನೆಯ ಕನ್ನಡ ಸಂಘದ ಅಧ್ಯಕ್ಷ ಕೂಡ. ಗೇಟಿನ ಬೋರ್ಡಿನಿಂದ ಹಿಡಿದು ಕ್ಯಾಂಟೀನಿನ ತಿಂಡಿ ಪಟ್ಟಿಯವರೆಗೆ ಅವನ ಕೆಂಪು ಪೆನ್ಸಿಲ್ ಮುಟ್ಟದ ಅಕ್ಷರವಿರಲಿಲ್ಲ. ಪಾಪ, ಉಪ್ಪಿಟ್ಟಿಗೂ ಅವನ ಕೈಯಿಂದ ಬಿಡುಗಡೆ ಇರಲಿಲ್ಲ.

ಬಾಗಿಲಾಚೆ ಬೆಂಚಿನ ಮೇಲೆ ಪಾಪಯ್ಯ ಟವೆಲನ್ನು ಹಿಂಡುತ್ತಾ ಕುಳಿತಿದ್ದ. ಹದಿನಾಲ್ಕು ವರ್ಷದಿಂದ ಟ್ಯಾಂಕ್ ರೂಮಿನ ಆಳು. ಬಣ್ಣ ತೆಳು ಮಾಡುವ ತಿನ್ನರನ್ನು ಹನ್ನೆರಡು ಪೀಪಾಯಿ ಕದ್ದ ಎಂಬ ಹಣೆಪಟ್ಟಿ ಅವನಿಗೆ ಅಂಟಿ ನಾಲ್ಕು ದಿನವಾಗಿತ್ತು. ದಾಸರಹಳ್ಳಿಯಲ್ಲಿ ಅವನು ಹಾಲು ತರಲು ಹೋದರೂ ಜನ ಮಾತು ನಿಲ್ಲಿಸುತ್ತಿದ್ದರು. ಅವನನ್ನು ಹಿಡಿದುಕೊಟ್ಟ ಸಾಕ್ಷಿ ಮನುಷ್ಯನಲ್ಲ; ಅನುಸೂಯಮ್ಮ ತನ್ನ ಕೈಯಾರೆ ಬೆಸುಗೆ ಹಾಕಿ ಕಟ್ಟಿದ ಒಂದು ಡಬ್ಬಿ.

ಅವಳಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

"ಏನಮ್ಮ, ನಿಮ್ಮ ಡಬ್ಬಿ ಸುಳ್ಳು ಹೇಳ್ತಾ ಇದೆಯಾ?" ಮ್ಯಾನೇಜರ್ ವೆಂಕಟರಮಣಪ್ಪ ಕನ್ನಡಕ ತೆಗೆದು ಕೇಳಿದ. ಕೆಟ್ಟವನಲ್ಲ. ಆದರೆ ಕನ್ನಡದ ಕಾಗದ ಪತ್ರವನ್ನೆಲ್ಲ ಗೋಪಾಲಪ್ಪನಿಂದ ಬರೆಸಿ, ಓದದೆ ಇಂಗ್ಲಿಷಿನಲ್ಲಿ ಸಹಿ ಗೀಚುವ ಸೋಮಾರಿತನ ಅವನದು.

"ಇಲ್ಲ ಸಾರ್. ಡಬ್ಬಿ ಸತ್ಯಾನೇ ಹೇಳ್ತಾ ಇದೆ."

"ಹಾಗಾದ್ರೆ ಪಾಪಯ್ಯ ಕಳ್ಳ."

"ಪಾಪಯ್ಯಣ್ಣನೂ ಸತ್ಯಾನೇ ಹೇಳ್ತಾ ಇದಾನೆ."

ಗೋಪಾಲಪ್ಪ ಸಣ್ಣಗೆ ನಕ್ಕ. ಅನುಸೂಯಮ್ಮ ಎದ್ದು ಗೋಡೆಗೆ ಹಾಕಿದ್ದ ರೆಕಾರ್ಡರ್ ಬಳಿಗೆ ಹೋದಳು. ಅದರೊಳಗೆ ಗೀಟಿನ ಕಾಗದದ ಸುರುಳಿ ಮೆಲ್ಲಗೆ ಇಳಿಯುತ್ತಿತ್ತು. ಪುಟ್ಟ ಪೆನ್ನೊಂದು ಸೊನ್ನೆಯ ಗೀಟಿನ ಮೇಲೆ ನಿಂತಿತ್ತು.

"ಸಾರ್, ಒಂದು ಸಲ ಕೇಳಿಬಿಡಿ. ತಿನ್ನರ್ ಹೋಗೋ ಸಣ್ಣ ಪೈಪಿನೊಳಗೆ ಒಂದು ಚಕ್ರ ಇದೆ. ತಿನ್ನರ್ ಹರಿದರೆ ಚಕ್ರ ತಿರುಗುತ್ತೆ. ಪ್ರತಿ ಸುತ್ತಿಗೂ ತಂತಿ ಮೇಲೆ ಒಂದು ಮಿಡಿತ, ನಾಡಿ ಮಿಡಿದ ಹಾಗೆ. ನನ್ನ ಡಬ್ಬಿ ಸೆಕೆಂಡಿಗೆ ಎಷ್ಟು ಮಿಡಿತ ಬಂತು ಅಂತ ನೋಡಿ, ಅದಕ್ಕೆ ತಕ್ಕಷ್ಟು ಕರೆಂಟನ್ನ ಈ ಪೆನ್ನಿಗೆ ಕಳಿಸುತ್ತೆ. ಮಿಡಿತವೇ ಇಲ್ಲ ಅಂದ್ರೆ ನಾಲ್ಕು ಮಿಲಿಆಂಪ್, ಪೆನ್ನು ಸೊನ್ನೇಲಿ. ನೂರು ಮಿಡಿತ ಬಂದ್ರೆ ಇಪ್ಪತ್ತು, ಪೆನ್ನು ತುತ್ತತುದೀಲಿ."

"ಇದೆಲ್ಲ ಗೊತ್ತಿರೋದೇ," ಗೋಪಾಲಪ್ಪ ಗಡಿಯಾರ ನೋಡಿದ. "ಆಯುಧಪೂಜೆ ಆದ ಮಾರನೇ ದಿನದಿಂದ, ಪಾಪಯ್ಯನ ಪಾಳಿಯಲ್ಲಿ ಮಾತ್ರ, ಸಂಜೆ ಐದೂವರೆಯಿಂದ ಆರೂವರೆವರೆಗೆ ಪೆನ್ನು ಅರ್ಧಕ್ಕೆ ಏರಿದೆ. ಬೇರೆ ಯಾರ ಪಾಳಿಯಲ್ಲೂ ಇಲ್ಲ. ಹನ್ನೆರಡು ದಿನ, ದಿನಕ್ಕೊಂದು ಪೀಪಾಯಿಯ ಲೆಕ್ಕ. ಉಗ್ರಾಣದಲ್ಲೂ ಹನ್ನೆರಡೇ ಕಮ್ಮಿ. ಇನ್ನೇನು ಬೇಕು?"

"ಅರ್ಧಕ್ಕೆ ಅಂದ್ರಲ್ಲ ಸಾರ್, ಸರಿಯಾಗಿ ಅರ್ಧಕ್ಕೆ. ಐವತ್ತು. ಗುರುವಾರ ಬಿಟ್ಟರೆ ಒಂದಿನವಾದರೂ ಐವತ್ತೈದೋ ನಲವತ್ತೋ ಆಗಿದೆಯಾ?"

ಅವಳು ಎರಡು ಹಳೆಯ ಸುರುಳಿಗಳನ್ನು ಮೇಜಿನ ಮೇಲೆ ಬಿಡಿಸಿ ಹಾಕಿದಳು. ಮೊದಲನೆಯದು ಹಗಲು ಪಾಳಿಯದು. ಬಣ್ಣದ ಕಡಾಯಿಗೆ ತಿನ್ನರ್ ಬಿಟ್ಟಾಗ ಎದ್ದ ಗೆರೆ ಸಣ್ಣಗೆ ನಡುಗುತ್ತಾ ಸಾಗಿತ್ತು. ಎರಡನೆಯದು ಪಾಪಯ್ಯನ ಪಾಳಿಯದು. ಸ್ಕೇಲ್ ಇಟ್ಟು ಗೀಚಿದಷ್ಟು ನೆಟ್ಟಗಿತ್ತು.

"ಹರಿಯೋ ತಿನ್ನರ್ ಇಷ್ಟು ನೆಟ್ಟಗೆ ಹರಿಯಲ್ಲ. ಈಗ ಈ ಬಾಲ ನೋಡಿ. ಆರು ಗಂಟೆಗೆ ನಲವತ್ತೊಂಬತ್ತಕ್ಕೆ ಜಾರಿದೆ, ಆರೂವರೆಗೆ ನಲವತ್ತೆಂಟು. ಇದು ಸ್ವಿಚ್ ರೂಮಿನ ಲಾಗ್ ಪುಸ್ತಕ. ಗೋಡೆಗೆ ಬರೋ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತೆ ಅಂತ ಅರ್ಧ ಗಂಟೆಗೊಮ್ಮೆ ಅಲ್ಲಿ ಬರೀತಾರೆ. ಓದಿ ಸಾರ್."

ವೆಂಕಟರಮಣಪ್ಪ ಕನ್ನಡಕ ಏರಿಸಿ ಓದಿದ. "ಐದೂವರೆ, ಐವತ್ತು. ಆರು, ನಲವತ್ತೊಂಬತ್ತು. ಆರೂವರೆ..." ಅವನ ಧ್ವನಿ ನಿಧಾನವಾಯಿತು. "ನಲವತ್ತೆಂಟು."

"ಊರಿಗೆಲ್ಲ ದೀಪ ಹತ್ತೋ ಹೊತ್ತಿಗೆ ಕರೆಂಟು ಸುಸ್ತಾಗುತ್ತೆ. ಅದು ಸುಸ್ತಾದರೆ ನಿಮ್ಮ ಕಳ್ಳನೂ ಸುಸ್ತಾಗ್ತಾನೆ. ಗುರುವಾರ ಬಿಟ್ಟು ಹನ್ನೊಂದು ದಿನವೂ ತಾಳೆ ನೋಡಿದೀನಿ. ಗುರುವಾರದ್ದು ಆಮೇಲೆ ಹೇಳ್ತೀನಿ."

ವೆಂಕಟರಮಣಪ್ಪ ಸುರುಳಿಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಮತ್ತೆ ಓದಿದ. ಅನುಸೂಯಮ್ಮನಿಗೆ ಆ ನೋಟ ಹಬ್ಬದೂಟದಷ್ಟು ರುಚಿಸಿತು. ಆದರೆ ಊಟ ಇನ್ನೂ ಬಾಕಿ ಇತ್ತು.

"ಗೋಪಾಲಪ್ಪ ಸಾರ್, ಟ್ಯಾಂಕಿನ ವಾಲ್ವಿಗೆ ಇವತ್ತು ಮಧ್ಯಾಹ್ನ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದವರು ನೀವೇ ತಾನೇ?"

"ನಾನೇ. ನೊಣ ಕೂಡ ಒಳಗೆ ಹೋಗಲ್ಲ."

"ಹಾಗಾದ್ರೆ ಒಂದು ಹನಿ ತಿನ್ನರೂ ಹರಿಯಲ್ಲ." ಅವಳು ಬಾಗಿಲಿನತ್ತ ತಿರುಗಿದಳು. "ಪಾಪಯ್ಯಣ್ಣ, ಹೋಗಿ ಪೂಜೆ ಮಾಡಿ ಬಾ."

ಪಾಪಯ್ಯ ತಬ್ಬಿಬ್ಬಾಗಿ ಎದ್ದ. "ಈಗ್ಲಾ ಅಕ್ಕೋರೇ? ಇನ್ನೂ ಒತ್ತಾಗಿಲ್ವಲ್ಲ."

"ದೇವರು ಬೇಜಾರು ಮಾಡ್ಕೊಳ್ಳಲ್ಲ. ದಿನಾ ಏನು ಮಾಡ್ತಿಯೋ ಅದನ್ನೇ ಮಾಡು. ಕಿಟಕಿಯಿಂದ ನಾವು ನೋಡ್ತಾ ಇರ್ತೀವಿ."

ಪಾಪಯ್ಯ ಅಂಗಳ ದಾಟಿದ. ಟ್ಯಾಂಕ್ ರೂಮಿನ ಹೊರಕೋಣೆ ಸೇರಿ, ಮುನೇಶ್ವರನ ಫೋಟೋದ ಮುಂದೆ ಚಪ್ಪಲಿ ಬಿಟ್ಟು ನಿಂತ. ಕೈ ಮುಗಿದ. ಸ್ವಿಚ್ ಒತ್ತಿದ. ಫೋಟೋದ ಸುತ್ತ ಕೆಂಪು ಹಸಿರು ಸೀರಿಯಲ್ ಸೆಟ್ ಮಿನುಗಿತು.

ಇತ್ತ ಗೋಡೆಯ ಮೇಲಿನ ಪೆನ್ನು ಕದಲಿತು. ಇಪ್ಪತ್ತು, ಮೂವತ್ತು, ನಲವತ್ತು. ಐವತ್ತರ ಗೀಟಿಗೆ ಬಂದು ನೆಟ್ಟಗೆ ನಿಂತಿತು.

ವೆಂಕಟರಮಣಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಅನುಸೂಯಮ್ಮ ಕಿಟಕಿಯಿಂದ ಕೈ ಆಡಿಸಿದಳು. ಪಾಪಯ್ಯ ದೀಪ ಆರಿಸಿದ. ಪೆನ್ನು ಸೊನ್ನೆಗೆ ಇಳಿಯಿತು. ಹಚ್ಚಿಸಿದಳು, ಏರಿತು. ಆರಿಸಿದಳು, ಇಳಿಯಿತು. ಮ್ಯಾನೇಜರನಿಗೆ ಹುಡುಗಾಟಿಕೆ ಬಂದು, "ಇನ್ನೊಂದು ಸಲ," ಅಂದ. ಪೆನ್ನು ಅವನಿಗೂ ಮೋಸ ಮಾಡಲಿಲ್ಲ.

"ಅಂದ್ರೆ ಡಬ್ಬಿ ಕೆಟ್ಟಿದೆ," ಅಂದ ಗೋಪಾಲಪ್ಪ. "ಅದನ್ನ ಬಿಸಾಕಿ."

ಆ ಮಾತು ಅವಳಿಗೆ ಚುಚ್ಚಿತು. "ಡಬ್ಬಿಗೇನೂ ಆಗಿಲ್ಲ. ಬಂದ ಮಿಡಿತ ಎಣಿಸೋದು ಅದರ ಕೆಲಸ. ಚಕ್ರದ್ದೋ ದೀಪದ್ದೋ ಅಂತ ಕೇಳೋದಲ್ಲ. ಕೆಟ್ಟಿರೋದು ಬೇರೆ. ಬನ್ನಿ ತೋರಿಸ್ತೀನಿ."

ಟ್ಯಾಂಕ್ ರೂಮಿನ ಹೊರಕೋಣೆ ಹೊಸ ಮದುವೆ ಮನೆಯ ಹಾಗೆ ಹೊಳೆಯುತ್ತಿತ್ತು. ಆಯುಧಪೂಜೆಗೆಂದು ಆಳುಗಳು ಕಂಪನಿಯದೇ ಹಸಿರು ಎನಾಮಲ್ ಬಳಿದಿದ್ದರು. ಗೋಡೆಯ ಪಟ್ಟಿ, ಪೈಪು, ಪೆಟ್ಟಿಗೆ, ಒಂದನ್ನೂ ಬಿಟ್ಟಿರಲಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ಬಣ್ಣಕ್ಕೇನು ಬರ. ಹಸಿರಿನ ಮೇಲೆ ಕುಂಕುಮದ ಬೊಟ್ಟುಗಳು ಇನ್ನೂ ಮಾಸಿರಲಿಲ್ಲ.

ಅನುಸೂಯಮ್ಮ ಚಕ್ರದ ಮಿಡಿತ ಹೊತ್ತು ಗೋಡೆಯಗುಂಟ ಹೋದ ಕಪ್ಪು ಕೇಬಲ್ ತೋರಿಸಿದಳು. ಸೀರಿಯಲ್ ಸೆಟ್ಟಿನ ತಂತಿಯನ್ನು ಅದಕ್ಕೇ ಬಳ್ಳಿಯಂತೆ ಸುತ್ತಿ ದಾರದಲ್ಲಿ ಕಟ್ಟಲಾಗಿತ್ತು.

"ಇದನ್ಯಾಕೆ ಇಲ್ಲಿ ಸುತ್ತಿದೆ ಪಾಪಯ್ಯಣ್ಣ?"

"ಅದು ದೇವ್ರ ಪೋಟೋ ಗಂಟ ನೆಟ್ಟಗೆ ಓಗಿತ್ತಲ್ಲ ಅಕ್ಕೋರೇ. ಮೊಳೆ ಒಡೆದ್ರೆ ಒಸ ಬಣ್ಣ ಆಳಾಯ್ತದೆ ಅಂತ ಅದ್ಕೇ ಸುತ್ದೆ. ಜಾಸ್ತಿ ಒತ್ತು ಆಕುದ್ರೆ ಬಲ್ಬು ಸುಟ್ಟೋಯ್ತದೆ. ಅದ್ಕೆ ಒಂದ್ ಗಂಟೆ ಅಷ್ಟೇಯ."

"ತಿನ್ನರ್ ಇರೋ ಜಾಗದಲ್ಲಿ ಸೀರಿಯಲ್ ಸೆಟ್ಟಾ?" ವೆಂಕಟರಮಣಪ್ಪ ತಲೆ ಚಚ್ಚಿಕೊಂಡ. "ಕಾರ್ಖಾನೆ ಹೊತ್ತಿ ಉರಿದಿದ್ರೆ ಏನಯ್ಯಾ ಗತಿ?"

"ಅದಕ್ಕೆ ಎಷ್ಟು ಬೇಕಾದರೂ ಬೈರಿ ಸಾರ್, ನಾನೂ ಬೈತೀನಿ. ಕಳ್ಳ ಅಂತ ಮಾತ್ರ ಬೈಬೇಡಿ," ಅಂದಳು ಅನುಸೂಯಮ್ಮ. ಕೇಬಲ್ಲಿನ ತುದಿಯಲ್ಲಿದ್ದ ಒಂದು ಬೋಲ್ಟನ್ನು ಬಿಚ್ಚಿದಳು. "ಈ ಕೇಬಲ್ಲಿನೊಳಗೆ ತಾಮ್ರದ ಜಾಲರಿ ಇದೆ, ಸ್ವೆಟರ್ ಹಾಕಿದ ಹಾಗೆ. ಹೊರಗಿನ ಕರೆಂಟಿನ ಗುಯ್‌ಗುಟ್ಟುವಿಕೆ ಒಳಗೆ ಹೋಗದಂತೆ ಹಿಡಿದು, ಈ ಬೋಲ್ಟಿನ ಮೂಲಕ ಭೂಮಿಗೆ ಬಿಡುತ್ತೆ. ಬಣ್ಣ ಬಳಿಯೋವಾಗ ಇದನ್ನ ಬಿಚ್ಚಿ, ಅಡಿಗೂ ಎರಡು ಕೋಟು ಬಳಿದು, ಮತ್ತೆ ಬಿಗಿ ಮಾಡಿದಾರೆ. ನೋಡೋಕೆ ಬಿಗಿಯಾಗಿದೆ. ಆದ್ರೆ ಕರೆಂಟು ಎನಾಮಲ್ ದಾಟಲ್ಲ."

ಅವಳು ಸೀರೆಯ ಸೆರಗು ಸಿಕ್ಕಿಸಿ, ಬ್ಲೇಡಿನಿಂದ ಹಸಿರನ್ನು ಕೆರೆದಳು. ಅಡಿಯ ಕಬ್ಬಿಣ ಬೆಳ್ಳಗೆ ಕಂಡಿತು. ಬೋಲ್ಟ್ ಬಿಗಿದು, ತಾನೇ ದೀಪದ ಸ್ವಿಚ್ ಒತ್ತಿದಳು. ಸೀರಿಯಲ್ ಸೆಟ್ ಮಿನುಗಿತು. ಮ್ಯಾನೇಜರ್ ಕೋಣೆಯ ಕಿಟಕಿಯಿಂದ ಗುಮಾಸ್ತೆ ಈಶ್ವರಮ್ಮ ಕೂಗಿ ಹೇಳಿದಳು.

"ಸೊನ್ನೇಲೇ ಇದೆ ಸಾರ್. ಪೆನ್ನು ಅಲ್ಲಾಡ್ತಾನೇ ಇಲ್ಲ."

ಅಷ್ಟರಲ್ಲಿ ಮಿಕ್ಸರ್ ಸಾಲಿನ ಆಳುಗಳೆಲ್ಲ ಅಂಗಳಕ್ಕೆ ಬಂದು ನಿಂತಿದ್ದರು. ಯಾರೋ ಚಪ್ಪಾಳೆ ತಟ್ಟಿದರು; ಅದು ಹಬ್ಬಿತು. ನಾಲ್ಕು ದಿನದಿಂದ ಪಾಪಯ್ಯನ ಜೊತೆ ಟೀ ಕುಡಿಯದವರೇ ಈಗ ಅವನ ಬೆನ್ನು ತಟ್ಟಲು ಮುಗಿಬಿದ್ದರು. ಪಾಪಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡು, ಹಸಿರು ಪಟ್ಟಿಯ ಮೇಲೆ ಕೆರೆದ ಬೆಳ್ಳನೆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಏನಯ್ಯಾ, ನಿನ್ನ ಭಕ್ತೀನೇ ನಿನ್ನನ್ನ ಜೈಲಿಗೆ ಕಳಿಸ್ತಿತ್ತಲ್ಲ," ಅಂದು ವೆಂಕಟರಮಣಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ನಾನು ತಪ್ಪು ಮಾಡಿದೆ. ಎಲ್ಲರ ಮುಂದೇನೇ ಹೇಳ್ತಾ ಇದೀನಿ."

ಅನುಸೂಯಮ್ಮನ ಎದೆ ತುಂಬಿ ಬಂತು. ಡಬ್ಬಿಯೂ ಗೆದ್ದಿತ್ತು, ಮನುಷ್ಯನೂ ಗೆದ್ದಿದ್ದ. ಇಲ್ಲಿಗೇ ಮನೆಗೆ ಹೋಗಿ ಕಾಫಿ ಕುಡಿದಿದ್ದರೆ ಅವಳಿಗೆ ಒಳ್ಳೆಯದಿತ್ತೇನೋ. ಆದರೆ ಅರ್ಧ ಗೆದ್ದು ಸುಮ್ಮನಾಗುವ ಹೆಂಗಸು ಅವಳಲ್ಲ.

"ಸಾರ್, ಇನ್ನೊಂದಿದೆ. ಒಳಗೆ ಬನ್ನಿ."

"ಇನ್ನೇನಿದೆ?" ಗೋಪಾಲಪ್ಪ ಅವಸರದಲ್ಲಿ ಅಂದ. "ಉಗ್ರಾಣದ ಲೆಕ್ಕ ಬರೆಯೋವಾಗ ಎಲ್ಲೋ ತಪ್ಪಾಗಿದೆ. ನಾನೇ ಸರಿ ಮಾಡ್ತೀನಿ. ಜೀಪು ಬೇಡ ಅಂತ ಫೋನ್ ಮಾಡಿಬಿಡೋಣ."

"ಗೆರೆ ಸುಳ್ಳು ಅಂತ ಈಗ ಗೊತ್ತಾಯ್ತು. ಆದ್ರೆ ಸುಳ್ಳು ಗೆರೆ ಹನ್ನೆರಡು ಪೀಪಾಯಿ ಅಂತು. ಉಗ್ರಾಣದಲ್ಲಿ ನಿಜವಾಗಲೂ ಹನ್ನೆರಡೇ ಕಮ್ಮಿ. ದೇವರ ದೀಪಕ್ಕೂ ಉಗ್ರಾಣಕ್ಕೂ ಏನು ಸಂಬಂಧ? ದಿನಾ ಈ ಗೆರೆ ಓದಿ, ಅದು ಎಷ್ಟು ತೋರಿಸಿತೋ ಅಷ್ಟನ್ನೇ ಯಾರೋ ಸಾಗಿಸಿದಾರೆ. ಸಿಕ್ಕಿಬಿದ್ದರೆ ಪಾಪಯ್ಯ ಇದಾನಲ್ಲ ಅಂತ."

ವೆಂಕಟರಮಣಪ್ಪನ ಮುಖದ ನಗು ಮಾಯವಾಯಿತು. "ದಿನಾ ಈ ಗೆರೆ ಓದೋರು ಮೂರೇ ಜನ. ನಾನು, ನೀವು, ಗೋಪಾಲಪ್ಪ."

"ಹೌದು ಸಾರ್," ಅಂದಳು ಅವಳು. "ಈಗ ಗುರುವಾರದ ಸುರುಳಿ ನೋಡಿ."

ಗುರುವಾರ ಸಂಜೆ ಐದು ಮೂವತ್ತೈದಕ್ಕೆ ಇಡೀ ಪೀಣ್ಯದಲ್ಲಿ ಕರೆಂಟು ಹೋಗಿತ್ತು. ಕಾರ್ಖಾನೆಯ ಜನರೇಟರ್ ರಿಪೇರಿಗೆ ಬಿಚ್ಚಿ ಬಿದ್ದಿತ್ತು. ದೀಪ ಆರಿದ ಕೂಡಲೇ ಐವತ್ತರ ಗೆರೆ ಸೊನ್ನೆಗೆ ಬಿದ್ದಿತ್ತು. ಬ್ಯಾಟರಿಯ ಮೇಲೆ ಓಡುವ ಪೆನ್ನು ಮಾತ್ರ ಬರೆಯುತ್ತಲೇ ಇತ್ತು. ಐದು ನಲವತ್ತೈದಕ್ಕೆ ಅದು ಮತ್ತೆ ಎದ್ದಿತ್ತು. ಎಪ್ಪತ್ತೆಂಟರ ಗೀಟಿಗೆ. ಈ ಗೆರೆ ನಡುಗುತ್ತಿತ್ತು.

"ಕರೆಂಟೇ ಇಲ್ಲದ ಹೊತ್ತಲ್ಲಿ ಇದು ದೀಪದ್ದಲ್ಲ. ಚಕ್ರ ನಿಜವಾಗಲೂ ತಿರುಗಿದೆ. ಮೇಲಿನ ಟ್ಯಾಂಕಿಂದ ಇಳಿಯೋ ತಿನ್ನರಿಗೆ ಪಂಪು ಬೇಡ. ವಾಲ್ವಿನ ಬೀಗ ತೆಗೆದರೆ ಸಾಕು. ಮಿಕ್ಕ ದಿನ ಹೇಗೆ ಸಾಗಿಸಿದರೋ ಗೊತ್ತಿಲ್ಲ. ಇದೊಂದು ಸಿಕ್ಕಿದೆ."

"ನಾನು ಆವಾಗ ಕ್ಯಾಂಟೀನಾಗಿದ್ದೆ ಸಾಮಿ," ಅಂದ ಬಾಗಿಲಲ್ಲಿ ನಿಂತ ಪಾಪಯ್ಯ. "ಮಿಕ್ಸರ್ ನಿಂತೋಯ್ತು ಅಂತ ವಾಲ್ವಿನ ಕೀಲೀನ ಟೈಮ್ ಆಫೀಸಿಗೆ ಕೊಟ್ಟು, ಬುಕ್ಕಲ್ಲಿ ಬರೆದು ಓಗಿದ್ದೆ."

ಆಳುಗಳ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಕೀಲಿ ಮೊಳೆಗೆ ನೇತಾಡುತ್ತಿರುತ್ತದೆ. ತೆಗೆದುಕೊಂಡವರು ಪಕ್ಕದ ಪುಸ್ತಕದಲ್ಲಿ ತಾವೇ ಹೆಸರು ಬರೆಯಬೇಕು. ಈಶ್ವರಮ್ಮ ಓಡಿಹೋಗಿ ಪುಸ್ತಕ ತಂದಳು. ವೆಂಕಟರಮಣಪ್ಪ ಗುರುವಾರದ ಪುಟ ತೆಗೆದ. ಐದು ಮೂವತ್ತೆಂಟು, ಪಾಪಯ್ಯ, ಕೀಲಿ ವಾಪಸು. ಅದರ ಕೆಳಗೆ, ಐದು ನಲವತ್ತೆರಡು, ಕೀಲಿ ಪಡೆದವರು...

ಅವನು ಮುಂದೆ ಓದಲಿಲ್ಲ. ಪುಸ್ತಕವನ್ನು ಅನುಸೂಯಮ್ಮನ ಕಡೆಗೆ ತಿರುಗಿಸಿದ. ಅಲ್ಲಿದ್ದದ್ದು ಅವಳದೇ ಹೆಸರು.

ಹೊರಗೆ ಜೀಪಿನ ಸದ್ದು ನಿಂತಿತು. ಸಬ್ ಇನ್‌ಸ್ಪೆಕ್ಟರ್ ಚಿಕ್ಕಬೈರಪ್ಪ ಟೋಪಿ ಸರಿಮಾಡಿಕೊಳ್ಳುತ್ತಾ ಒಳಗೆ ಬಂದ. "ಯಾರ್ರೀ ಇಲ್ಲಿ ಪಾಪಯ್ಯ?"

"ಪಾಪಯ್ಯ ಅಲ್ಲ ಸಾರ್," ಅಂದ ಗೋಪಾಲಪ್ಪ. ಅವನ ಧ್ವನಿಗೆ ಮತ್ತೆ ಜೀವ ಬಂದಿತ್ತು. "ಹೆಸರು ಬದಲಾಗಿದೆ. ಪುಸ್ತಕ ನೋಡಿ."

"ಗುರುವಾರ ನಾನು ಕಾರ್ಖಾನೇಲೇ ಇರಲಿಲ್ಲ," ಅಂದಳು ಅನುಸೂಯಮ್ಮ. "ಡಬ್ಬಿಗೆ ಪರೀಕ್ಷೆಯ ಮಿಡಿತ ಕೊಡೋ ನನ್ನ ಇನ್ನೊಂದು ಯಂತ್ರಾನ ತಪಾಸಣೆ ಮಾಡಿಸೋಕೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿದ್ದೆ. ಮೆಜೆಸ್ಟಿಕ್ಕಲ್ಲಿ ಬಸ್ಸು ಬದಲಾಯಿಸಿ ಮನೆ ಸೇರೋವಾಗ ಎಂಟಾಗಿತ್ತು."

"ಹೋಗ್ತೀನಿ ಅಂತ ಗೇಟ್ ಪಾಸು ತಗೊಂಡೋರೆಲ್ಲ ಹೋಗೇ ಇರ್ತಾರಾ?" ಅಂದ ಗೋಪಾಲಪ್ಪ.

ಇನ್‌ಸ್ಪೆಕ್ಟರನ ಕಣ್ಣು ಅವಳ ಮೇಲಿತ್ತು. ಐದು ನಿಮಿಷದ ಹಿಂದೆ ಅವಳಿಗೆ ಚಪ್ಪಾಳೆ ತಟ್ಟಿದ ಜನ ಬಾಗಿಲಲ್ಲಿ ಗುಂಪುಗೂಡಿದ್ದರು. ಅವಳು ಭಯವನ್ನು ನುಂಗಿಕೊಂಡು ಇನ್ನೊಂದು ಸಲ ಪುಸ್ತಕಕ್ಕೆ ಬಾಗಿದಳು. ಅಕ್ಷರಗಳು ಬೇಕೆಂದೇ ಸೊಟ್ಟಗೆ ಬರೆದಂಥವು. ಯಾರ ಕೈ ಎಂದು ಹೇಳುವಂತಿರಲಿಲ್ಲ. ಒಂದೊಂದಾಗಿ ಓದಿದಳು. ಓದುತ್ತಾ ಹೋದಂತೆ ತುಟಿಯ ಮೇಲೆ ನಗು ಮೂಡಿತು.

ಏನು ಕಂಡಿತೆಂದು ಅವಳು ಬಾಯಿ ಬಿಡಲಿಲ್ಲ.

"ಸಾರ್, ನಾನು ಬರ್ತೀನಿ," ಅಂದಳು ಇನ್‌ಸ್ಪೆಕ್ಟರನಿಗೆ. "ಅದಕ್ಕೂ ಮುಂಚೆ, ಈ ಕೋಣೇಲಿರೋ ಗಂಡಸರು ಒಬ್ಬೊಬ್ಬರೂ ನನ್ನ ಹೆಸರನ್ನ ಕನ್ನಡದಲ್ಲಿ ಒಂದು ಸಲ ಬರೆದು ಕೊಡಲಿ. ಅಷ್ಟೇ."

"ಇದೇನಮ್ಮ ಶಾಲೆಯಾ?" ಅಂದ ಚಿಕ್ಕಬೈರಪ್ಪ. ಆದರೂ ಕುತೂಹಲವಾಗಿ, ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ಹರಿದು ಮೂರು ಚೀಟಿ ಮಾಡಿದ.

ಪಾಪಯ್ಯ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ತಾನು ಕರೆಯುವ ಹಾಗೇ ಬರೆದ: ‘ಅನ್ಸೂಯಮ್ಮ’. ಹೊರಗೆ ಯಾರೋ ಕಿಸಕ್ಕೆಂದರು.

ವೆಂಕಟರಮಣಪ್ಪ ಬೇಸರದಿಂದ ಗೀಚಿ ಚೀಟಿಯನ್ನು ಇನ್‌ಸ್ಪೆಕ್ಟರನ ಮುಂದೆ ಹಾಕಿದ. ‘ಅನಸೂಯಮ್ಮ’. ಕೊಂಬಿರಲಿಲ್ಲ. ಚಿಕ್ಕಬೈರಪ್ಪ ಚೀಟಿ ನೋಡಿದ, ಪುಸ್ತಕ ನೋಡಿದ, ಮೇಜಿನ ಮೇಲೆ ಅವಳು ಕೊಂಬು ತಿದ್ದಿದ್ದ ಹಾಳೆ ನೋಡಿದ, ಮತ್ತೆ ಚೀಟಿ ನೋಡಿದ. ಪುಸ್ತಕದಲ್ಲೂ ಕೊಂಬಿರಲಿಲ್ಲ. ಅವನು ನಿಧಾನವಾಗಿ ಮ್ಯಾನೇಜರನ ಕಡೆಗೆ ತಿರುಗಿದ.

"ಸ್ವಂತ ಹೆಸರನ್ನ ಈಯಮ್ಮ ಹೀಗೆ ಬರೆಯಲ್ಲ ಅಂತ ಕಾಣುತ್ತೆ. ನೀವು ಬರೆದಿರೋದು ಮಾತ್ರ ಇದಕ್ಕೆ ತಾಳೆ ಆಗ್ತಿದೆಯಲ್ಲ ಸಾರ್. ಸ್ವಲ್ಪ ಠಾಣೆವರೆಗೂ ಬರ್ತೀರಾ?"

ವೆಂಕಟರಮಣಪ್ಪನ ಮುಖ ಬಿಳಿಚಿಕೊಂಡಿತು. "ನಾನಾ? ನಾನು ಗೋಪಾಲಪ್ಪ ಬರೆದ ಕಾಗದದಲ್ಲಿ ನೋಡಿದ ಹಾಗೆ ಬರೆದೆ ಅಷ್ಟೇ."

ಅನುಸೂಯಮ್ಮ ಅವರಿಬ್ಬರನ್ನೂ ನೋಡುತ್ತಿರಲಿಲ್ಲ. ಅವಳು ಮೂರನೆಯ ಚೀಟಿಯನ್ನು ಕೈಗೆ ತೆಗೆದುಕೊಂಡಿದ್ದಳು. ದುಂಡು ಅಕ್ಷರ, ಅಚ್ಚುಕಟ್ಟು. ‘ನ’ದ ಪಕ್ಕದಲ್ಲಿ ಕೊಂಬು, ಒತ್ತಿ ಎಳೆದ ರಭಸಕ್ಕೆ ಅಲ್ಲಿ ಕಾಗದ ಹರಿದಿತ್ತು.

ಒಂಬತ್ತು ವರ್ಷದಲ್ಲಿ ಮೊದಲ ಸಲ ಗೋಪಾಲಪ್ಪ ಅವಳ ಹೆಸರನ್ನು ಸರಿಯಾಗಿ ಬರೆದಿದ್ದ.